ನಲವತ್ತೊಂದನೆಯ ಜೊತೆ

ತರ್ಕಶಾಸ್ತ್ರದವರಷ್ಟು ಕಾಡುವ ಗಿರಾಕಿಗಳನ್ನು ನನ್ನ ಮೂವತ್ತೆಂಟು ವರ್ಷಗಳ ಅಚ್ಚುಮನೆಯ ಬದುಕಿನಲ್ಲಿ ನಾನು ಕಂಡಿಲ್ಲ. ಕವಿಗಳು ಖಾಲಿ ಜಾಗ ಕೇಳುತ್ತಾರೆ, ಕೊಟ್ಟರೆ ಸುಮ್ಮನಾಗುತ್ತಾರೆ. ವಕೀಲರು ದಪ್ಪ ಅಕ್ಷರ ಕೇಳುತ್ತಾರೆ. ಪಾದ್ರಿಗಳು ಮೊದಲು ಏನನ್ನೂ ಕೇಳದೆ, ಪುಸ್ತಕ ಕೈಗೆ ಬಂದಮೇಲೆ ಮುಖ ಗಂಟಿಕ್ಕುತ್ತಾರೆ. ತರ್ಕಶಾಸ್ತ್ರದವರಿಗೆ ಬೇಕಾದದ್ದು ಉದ್ಧರಣ ಚಿಹ್ನೆ. ನಮ್ಮ ಬಾಯಲ್ಲಿ ಅದು ಬರೀ ಕೊಟೇಶನ್. ಕಾದಂಬರಿಗೆ ಪುಟಕ್ಕೆ ನಾಲ್ಕು ಜೊತೆ ಸಾಕು, ಇವರಿಗೆ ಎಂಬತ್ತು ಬೇಕು.

ನಾನು ಕ್ಲೆಮೆನ್ಸ್ ವ್ರೋನಾ. ವಾರ್ಸಾದಲ್ಲಿ, ವಿಸ್ತುಲಾ ನದಿಗೆ ಇಳಿಯುವ ಓಣಿಯ ಒಂದು ಅಚ್ಚುಮನೆಯಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವುದು ನನ್ನ ಕಸುಬು. ವಿಶ್ವವಿದ್ಯಾಲಯದ ತರ್ಕಶಾಸ್ತ್ರದ ಕೆಲಸವೆಲ್ಲ ನನ್ನ ಪಾಲಿಗೇ ಬರುತ್ತಿತ್ತು. ನಾನು ಜಾಣನೆಂದಲ್ಲ, ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಮೊಳೆ ಜೋಡಿಸುವ ಫೆಲಿಕ್ಸ್ ಆ ಹಸ್ತಪ್ರತಿಗಳನ್ನು ಕಂಡರೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ.

ಒಮ್ಮೆ ಕೊಟೇಶನ್ ಮೊಳೆಗಳೆಲ್ಲ ಮುಗಿದುಹೋದವು. ನಮ್ಮ ಭಾಷೆಯ ಬರವಣಿಗೆಯಲ್ಲಿ ತೆರೆಯುವ ಕೊಟೇಶನ್ ಸಾಲಿನ ಬುಡದಲ್ಲಿ ಕೂರುತ್ತದೆ, ನೋಡಲು ಎರಡು ಅಲ್ಪವಿರಾಮಗಳ ಹಾಗೆಯೇ. ನಾನು ಮೊಳೆಯ ಕೇಸಿನಲ್ಲಿ ಅಲ್ಪವಿರಾಮದ ಮನೆಗೇ ಕೈಹಾಕಿ ಕೆಲಸ ಸಾಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಫೆಲಿಕ್ಸ್ ಕೂಗಾಡಿದ.

“ಲೋ ಕ್ಲೆಮೆನ್ಸ್, ಅಡುಗೆ ಪುಸ್ತಕ ಜೋಡಿಸ್ತಿದೀನಿ ಕಣೋ ನಾನು! ಉಪ್ಪು ಮೊಟ್ಟೆ ಎಲೆಕೋಸು ಎಲ್ಲಾ ಒಂದೇ ಉಸಿರಲ್ಲಿ ಓಡ್ತಾ ಇವೆ. ಒಂದಾದ್ರೂ ಕಾಮಾ ಬಿಟ್ಟಿದ್ದೀಯಾ?”

“ತರ್ಕಶಾಸ್ತ್ರ ತಿಂದ್ಬಿಡ್ತು,” ಅಂದೆ.

ಎರಡು ದಿನ ಕಳೆದಮೇಲೆ ಪ್ರೊಫೆಸರ್ ತೆಯೊಫಿಲ್ ಗೋರ್ನಿ ಭೂತಗನ್ನಡಿ ಹಿಡಿದು ಸ್ವತಃ ಬಂದರು. ಉದ್ದನೆಯ ಮನುಷ್ಯ, ಕೋಟಿನ ಮೇಲೆ ಯಾವಾಗಲೂ ಸುಣ್ಣದ ಕಡ್ಡಿಯ ಪುಡಿ. ಪ್ರೂಫಿನ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಪಾನ್ ಕ್ಲೆಮೆನ್ಸ್, ಇದೇನು?” ಗಂಡಸರಿಗೆ ಪಾನ್, ಮದುವೆಯಾಗದ ಹೆಣ್ಣಿಗೆ ಪಾನ್ನಾ, ನಮ್ಮಲ್ಲಿ ಅದು ಮರ್ಯಾದೆಯ ಕರೆ.

“ಕೊಟೇಶನ್, ಪಾನ್ ಪ್ರೊಫೆಸರ್.”

“ಅಲ್ಲ. ಇವು ಎರಡು ಅಲ್ಪವಿರಾಮ. ಅಕ್ಕಪಕ್ಕ ನಿಂತ ಮಾತ್ರಕ್ಕೆ ಇಬ್ಬರು ಗಂಡ ಹೆಂಡ್ತಿ ಆಗ್ಬಿಡ್ತಾರಾ?”

“ನಮ್ಮ ಓಣೀಲಿ ಆಗಿದ್ದಾರೆ.”

ಅವರು ನಕ್ಕುಬಿಟ್ಟರು. ಸ್ಟೂಲು ಎಳೆದುಕೊಂಡು ಕೂತು ನನಗೆ ಪಾಠ ಶುರುಮಾಡಿದರು. ನಾನು ನಿಂತು ಕೇಳಿದ ಮೊದಲ ಪಾಠ ಅದು.

“ವಾರ್ಸಾ ದೊಡ್ಡದು ಅಂದ್ರೆ ನಾನು ಊರಿನ ವಿಷಯ ಮಾತಾಡ್ತಿದೀನಿ. ನಮ್ಮ ಭಾಷೇಲಿ ವಾರ್ಸಾಗೆ ಎಂಟು ಅಕ್ಷರ ಅಂದ್ರೆ? ಊರಿಗೆ ಅಕ್ಷರ ಇರತ್ತಾ? ಟ್ರಾಮ್ ಇರತ್ತೆ, ಸೇತುವೆ ಇರತ್ತೆ. ಅಕ್ಷರ ಇರೋದು ಹೆಸರಿಗೆ. ಹೆಸರಿನ ವಿಷಯ ಮಾತಾಡ್ಬೇಕು ಅಂದ್ರೆ ಆ ಹೆಸರಿಗೇ ಇನ್ನೊಂದು ಹೆಸರು ಬೇಕಲ್ವಾ? ಅದಕ್ಕೇ ಈ ಚಿಹ್ನೆ. ಹೆಸರನ್ನ ಇದರೊಳಗೆ ಕೂರಿಸಿದ್ರೆ ಹೆಸರಿನ ಹೆಸರು ಹುಟ್ಟತ್ತೆ. ಬ್ರೆಡ್ ತಿನ್ಬಹುದು. ‘ಬ್ರೆಡ್’ ಅನ್ನೋ ಪದ ತಿನ್ನೋಕಾಗಲ್ಲ.”

“ನಾನು ಎರಡನ್ನೂ ಬಾಯಿಗೆ ಹಾಕಿದೀನಿ,” ಅಂದೆ. ಕೈ ಖಾಲಿ ಇಲ್ಲದಾಗ ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ನಮ್ಮ ಕಸುಬಿನವರ ಕೆಟ್ಟ ಚಾಳಿ. “ಎರಡನೇದು ಅರಗಲ್ಲ.”

ಹೋಗುವಾಗ ಅವರು, ಆಗಷ್ಟೇ ಬಿಚ್ಚಿದ್ದ ಪುಟದಿಂದ ಒಂದು ಜೊತೆ ನಿಜವಾದ ಕೊಟೇಶನ್ ಮೊಳೆ ಕೇಳಿ ಇಸಿದುಕೊಂಡು, ವೇಸ್ಟ್‌ಕೋಟಿನ ಜೇಬಿಗೆ ಹಾಕಿಕೊಂಡರು. ಮುಂದಿನ ಕೆಲಸಕ್ಕೆ ಅಲ್ಪವಿರಾಮ ಬಳಸಬಾರದೆಂದು ಮಾಲೀಕರಿಂದ ನನಗೆ ಕಟ್ಟಪ್ಪಣೆಯಾಯಿತು.

ಆ ಜೊತೆ ಏನಾಯಿತೆಂದು ಆಮೇಲೆ ಗೊತ್ತಾಯಿತು. ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ನಡೆಸುತ್ತಿದ್ದ ಗುರುವಾರದ ಗೋಷ್ಠಿಗೆ ಪ್ರೂಫು ಒಯ್ಯುವುದು ನನ್ನ ಕೆಲಸವಾಗಿತ್ತು. ಎರಡನೆಯ ಮಹಡಿಯ ಆ ಕೋಣೆಯ ಬಾಗಿಲಿಗೆ ಬಂದರೆ ಒಳಗೆ ಮರಕುಟಿಗಗಳ ಸಂಸಾರವೇ ಇದ್ದಂತೆ ಸದ್ದು. ಬರೆಯುವಾಗ ಚಿಹ್ನೆ ಕಣ್ಣಿಗೆ ಕಾಣುತ್ತದೆ, ಮಾತಾಡುವಾಗ ಕಿವಿಗೆ ಕೇಳುವುದಿಲ್ಲ. ಅದಕ್ಕೆ ಪ್ರೊಫೆಸರ್ ಒಂದು ಪದ್ಧತಿ ಮಾಡಿದ್ದರು. ವಸ್ತುವಿನ ಮಾತಾದರೆ ಸುಮ್ಮನೆ ಹೇಳಬೇಕು. ಚಿಹ್ನೆಯ ಮಾತಾದರೆ ಮೇಜನ್ನು ಒಮ್ಮೆ ತಟ್ಟಿ, ಚಿಹ್ನೆ ಹೇಳಿ, ಮತ್ತೊಮ್ಮೆ ತಟ್ಟಬೇಕು. ಚಿಹ್ನೆಯ ಹೆಸರಿನ ಮಾತಾದರೆ ಎರಡೆರಡು ಸಲ. ತಟ್ಟಲು ಮರೆತವರು ಎದ್ದು ನಿಂತು ತಮ್ಮ ವಾದವನ್ನು ಮೊದಲಿನಿಂದ ಹೇಳಬೇಕು. ವಿದ್ಯಾರ್ಥಿಗಳು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ಪ್ರೊಫೆಸರ್ ಮಾತ್ರ ನನ್ನ ಸೀಸದ ಮೊಳೆಗಳಿಂದ ತಟ್ಟುತ್ತಿದ್ದರು, ತೆರೆಯುವಾಗ ಎಡಗೈಯದು, ಮುಚ್ಚುವಾಗ ಬಲಗೈಯದು.

ಆ ಚಟ ನನಗೂ ಅಂಟಿತು. ಒಂದು ರಾತ್ರಿಯೂಟದಲ್ಲಿ ನನ್ನ ಹೆಂಡತಿ ವೆರೊನಿಕಾ ಬೀಟ್‌ರೂಟ್ ಸಾರು ತರಲೇ ಎಂದಾಗ ಮೇಜು ತಟ್ಟಿ, “ಪದಾನೋ ಸಾರೋ?” ಎಂದೆ. “ಇನ್ನೊಂದು ಸಲ ತಟ್ಟಿ, ಪದಾನೇ ಬಡಿಸ್ತೀನಿ,” ಅಂದಳು.

ಒಳಗೊಳಗೇ ನನಗೊಂದು ಗರ್ವ ಮಾತ್ರ ಇತ್ತು. ಪ್ರೊಫೆಸರಿಗೆ ವಸ್ತು ಒಂದು ಮೆಟ್ಟಿಲು, ಹೆಸರು ಅದರ ಮೇಲಿನ ಮೆಟ್ಟಿಲು, ಹೆಸರಿನ ಹೆಸರು ಇನ್ನೂ ಮೇಲೆ. ನನ್ನ ಕೈಯಲ್ಲಿ ಎಲ್ಲವೂ ಸೀಸ. ಅಕ್ಷರ ನನಗೆ ತೂಕವಿರುವ, ಬಿದ್ದರೆ ಸದ್ದು ಮಾಡುವ, ತಲೆಕೆಳಗಾಗಿ ಕನ್ನಡಿಯೊಳಗಿನಂತೆ ಕಾಣುವ ಸಾಮಾನು. ಈ ಮಹಾಶಯರು ನಾನು ದಿನಾ ಮುಟ್ಟುವ ಸಾಮಾನಿನ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುತ್ತಿದ್ದಾರಲ್ಲ ಎಂದು ಮೀಸೆಯಲ್ಲೇ ನಗುತ್ತಿದ್ದೆ. ಆ ಗರ್ವಕ್ಕೆ ಸಾವಿರದ ಒಂಬೈನೂರ ಮೂವತ್ನಾಲ್ಕರ ವಸಂತದಲ್ಲಿ ಲುದ್ವಿಕಾ ರೆಷ್ಕೆ ಎಂಬ ಹುಡುಗಿಯಿಂದ ಸರಿಯಾದ ಪೆಟ್ಟು ಬಿತ್ತು. ಪೆಟ್ಟು ಹೆಚ್ಚು ತಗುಲಿದ್ದು ಅವಳಿಗೇ.

ಲುದ್ವಿಕಾ ರಾದೊಮ್ ಊರಿನ ಚರ್ಮ ಹದಮಾಡುವವನ ಮಗಳು, ಪ್ರೊಫೆಸರ್ ಗೋರ್ನಿಯವರ ವಿದ್ಯಾರ್ಥಿನಿ. ಅವಳ ಡಾಕ್ಟರೇಟ್ ಪ್ರಬಂಧ ನನ್ನ ಕೈಗೆ ಬಂತು. ಜೂನ್ ಇಪ್ಪತ್ತರೊಳಗೆ ಅಚ್ಚಾದ ಪ್ರತಿಗಳು ವಿಭಾಗಕ್ಕೆ ಸಲ್ಲಬೇಕು. ಸಂದರೆ ಪದವಿ, ಪದವಿಯ ಜೊತೆಗೆ ಆ ವರ್ಷ ಖಾಲಿಯಾಗಿದ್ದ ಒಂದೇ ಒಂದು ಸಹಾಯಕರ ಹುದ್ದೆ. ಸಲ್ಲದಿದ್ದರೆ ರಾದೊಮ್‌ಗೆ ವಾಪಸು ಹೋಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವುದು. ಹುದ್ದೆಗೆ ಇನ್ನೊಬ್ಬ ಅಭ್ಯರ್ಥಿ ಇದ್ದ, ಅವನ ಪ್ರಬಂಧ ಆಗಲೇ ಅಚ್ಚಾಗಿತ್ತು.

ಅವಳು ಪ್ರೂಫು ತಿದ್ದಲು ಬಂದರೆ ನನ್ನ ಪಕ್ಕದ ಸ್ಟೂಲಿನಲ್ಲೇ ಕೂತು, ಉಪ್ಪಿನಲ್ಲಿಟ್ಟ ಸೌತೆಕಾಯಿ ಕಡಿಯುತ್ತ ಕೆಲಸ ಮಾಡುತ್ತಿದ್ದಳು.

“ಪಾನ್ನಾ ಲುದ್ವಿಕಾ, ಈ ಪುಟದಲ್ಲಿ ತೊಂಬತ್ತಾರು ಜೊತೆ ಕೊಟೇಶನ್ ರೀ. ನಿಮ್ಮ ಮದುವೆ ಕಾಗದಕ್ಕೂ ಹೀಗೇ ಹಾಕ್ತೀರಾ?”

“ಹಾಕ್ತೀನಿ. ಗಂಡ ಅನ್ನೋ ಪದಾನೋ, ನಿಜವಾದ ಗಂಡಾನೋ ಅಂತ ಮೊದಲೇ ಸ್ಪಷ್ಟ ಆಗ್ಲಿ.”

ಫೆಲಿಕ್ಸ್ ಆ ಮಾತಿಗೆ ನಕ್ಕು, ಜೋಡಿಸಿದ್ದ ಇಡೀ ಸಾಲು ಕೆಳಗೆ ಚೆಲ್ಲಿದ.

ಅವಳ ಪ್ರಬಂಧದ ಬುನಾದಿ ‘ಗೋರ್ನಿ ಪ್ರಮೇಯ’. ಇಪ್ಪತ್ತಮೂರು ವರ್ಷದ ಹಿಂದೆ, ಯುವಕರಾಗಿದ್ದಾಗ, ಪ್ರೊಫೆಸರ್ ಸಾಧಿಸಿದ್ದು. ಪರದೇಶದ ಪುಸ್ತಕಗಳಲ್ಲೂ ಅದು ಅವರ ಹೆಸರಿನಲ್ಲೇ ಇತ್ತು. ಅದರ ಮೇಲೆ ಲುದ್ವಿಕಾ ಎರಡು ಅಂತಸ್ತು ಕಟ್ಟಿದ್ದಳು. ಪ್ರಬಂಧ ಓದುವವರಿಗೆ ಅನುಕೂಲವಾಗಲೆಂದು ಹಳೆಯ ಸಾಧನೆಯನ್ನೂ ಪೂರ್ತಿಯಾಗಿ ಬರೆದಿದ್ದಳು. ಇಪ್ಪತ್ತಮೂರು ವರ್ಷದ ಹಿಂದೆ ತಟ್ಟುವ ಪದ್ಧತಿಯೂ ಇರಲಿಲ್ಲ, ಇಷ್ಟೊಂದು ಉದ್ಧರಣ ಚಿಹ್ನೆಯೂ ಇರಲಿಲ್ಲ. ಗುರುಗಳ ಈಗಿನ ಶಿಸ್ತಿಗೆ ಒಪ್ಪುವ ಹಾಗೆ ಅವಳೇ ಎಲ್ಲ ಕಡೆ ಚಿಹ್ನೆ ಹಾಕುತ್ತ ಹೋಗಿದ್ದಳು, ಗುಂಡಿ ಕಿತ್ತ ಅಂಗಿಗೆ ಗುಂಡಿ ಹೊಲಿದ ಹಾಗೆ.

ಹದಿನಾಲ್ಕನೆಯ ಗ್ಯಾಲಿ, ಅಂದರೆ ಜೋಡಿಸಿದ ಸಾಲುಗಳನ್ನಿಡುವ ತಟ್ಟೆ, ತುಂಬುವಾಗ ಆ ಭಾಗ ಬಂತು. ಒಂದು ಸಾಲಿನಲ್ಲಿ ಕೊಟೇಶನ್ ಒಳಗೆ ‘ಕ್ಷ’ ಇತ್ತು. ಮುಂದಿನ ಸಾಲು ಅದೇ ವಾಕ್ಯವನ್ನು ಮತ್ತೆ ಹೇಳುತ್ತಿತ್ತು. ಕೊಟೇಶನ್ ಒಳಗೆ ಮಾತ್ರ ಈಗ ‘ಯ’ ಕೂತಿತ್ತು.

ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಕೊಟೇಶನ್ ಹೊರಗಿರುವುದು ಲೇಖಕನದು, ಅವನು ಹೇಳಿದ ಹಾಗೆ ಇರಲಿ. ಕೊಟೇಶನ್ ಒಳಗಿರುವುದು ಯಾರದೂ ಅಲ್ಲ, ಅದನ್ನು ಯಾರೂ ಮುಟ್ಟಬಾರದು. ಲೇಖಕನೂ ಮುಟ್ಟಬಾರದು. ನಾನು ಕಸುಬು ಕಲಿತ ಮೇಷ್ಟ್ರು ಒಬ್ಬ ಬಿಷಪ್ಪರ ಮಾತನ್ನು ಕೊಟೇಶನ್ ಒಳಗೆ ಒಂದೇ ಒಂದು ಪದದಷ್ಟು ಚಂದಗಾಣಿಸಿ ಕೆಲಸ ಕಳೆದುಕೊಂಡವರು. ಆ ಹೆದರಿಕೆ ನನ್ನ ಬೆರಳಿನಲ್ಲೇ ಇತ್ತು. ಪಾಪ, ಹುಡುಗಿ ಅವಸರದಲ್ಲಿ ನಕಲು ಮಾಡುವಾಗ ತಪ್ಪಿದ್ದಾಳೆ ಎಂದುಕೊಂಡು, ಎರಡನೆಯ ಸಾಲಿನಲ್ಲೂ ‘ಕ್ಷ’ವನ್ನೇ ಜೋಡಿಸಿದೆ. ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿಯೂ ಆಯಿತು.

ಮರುದಿನ ಬೆಳಗ್ಗೆ ಅವಳು ಬಿರುಗಾಳಿಯಂತೆ ಬಂದಳು.

“ಪಾನ್ ಕ್ಲೆಮೆನ್ಸ್! ಯಾರ್ರೀ ಹೇಳಿದ್ದು ನಿಮಗೆ ತಿದ್ದೋಕೆ?”

“ಏನು ತಿದ್ದಿದೆ?”

“ಇಲ್ಲಿ ‘ಯ’ ಇತ್ತು. ‘ಕ್ಷ’ ಹಾಕಿದ್ದೀರಿ. ಇಡೀ ಸಾಧನೇನೇ ಹಾಳು ಮಾಡಿದ್ರಿ!”

“ಕೊಟೇಶನ್ ಒಳಗಿರೋದು ಬದಲಾಗಬಾರದಲ್ವೇನ್ರೀ? ಮೇಲಿನ ಸಾಲಲ್ಲಿ ಒಂದು, ಕೆಳಗಿನ ಸಾಲಲ್ಲಿ ಇನ್ನೊಂದು. ನಕಲು ಮಾಡೋವಾಗ ತಪ್ಪಿದೆ ಅಂದ್ಕೊಂಡೆ.”

“ಅದು ನಕಲಲ್ಲ, ಆದೇಶ, ಅಂದ್ರೆ ಒಂದರ ಜಾಗದಲ್ಲಿ ಇನ್ನೊಂದು ಕೂರಿಸೋದು! ‘ಕ್ಷ’ ಅಂದ್ರೆ ಖಾಲಿ ಕುರ್ಚಿ. ಅದರಲ್ಲಿ ಯಾರನ್ನ ಬೇಕಾದ್ರೂ ಕೂರಿಸ್ಬಹುದು. ಕ್ಷಗೆ ಅಮ್ಮ ಇದ್ದಾಳೆ. ಕ್ಷ ಜಾಗದಲ್ಲಿ ಕ್ಲೆಮೆನ್ಸ್ ಅಂತ ಹಾಕಿ, ಕ್ಲೆಮೆನ್ಸ್‌ಗೆ ಅಮ್ಮ ಇದ್ದಾಳೆ. ಸರಿಹೋಯ್ತಲ್ಲ?”

“ಇದ್ಳು. ತೀರ್ಕೊಂಡ್ಳು.”

“ಅಯ್ಯೋ, ಕ್ಷಮಿಸಿ. ಲುದ್ವಿಕಾ ಅಂತ ಹಾಕಿ. ಹೀಗೆ ಒಂದು ತೆಗೆದು ಇನ್ನೊಂದು ಹಾಕೋದು ತಪ್ಪಲ್ಲ. ತರ್ಕಶಾಸ್ತ್ರದಲ್ಲಿ ದಿನಾ ಮಾಡೋದೇ ಇದು.”

ನಾನು ವಾದ ಮಾಡಬೇಕೆಂದು ಹೇಳಿದ್ದಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದೆ. ಕೈಯಲ್ಲಿ ಹಿಡಿದು ಸಾಲು ಜೋಡಿಸುವ ಸ್ಟಿಕ್ಕಿನಲ್ಲಿ ಮೂರು ಮೊಳೆ ಇಟ್ಟು ತೋರಿಸಿದೆ, ತೆರೆಯುವ ಕೊಟೇಶನ್, ನಡುವೆ ಕ್ಷ, ಮುಚ್ಚುವ ಕೊಟೇಶನ್.

“ಹೊರಗಿದ್ರೆ ಕುರ್ಚಿ, ಒಪ್ಪಿದೆ. ಆದ್ರೆ ಇದರೊಳಗೆ ಬಂದ್ಮೇಲೂ ಅದು ಕುರ್ಚೀನಾ? ಪ್ರೊಫೆಸರ್ ನನಗೆ ಹೇಳಿದ್ದು ಬೇರೆ. ಒಳಗೆ ಬಂದ್ರೆ ಅದು ಬರೀ ಅಕ್ಷರ, ತನ್ನ ಚಿತ್ರ ತಾನೇ. ‘ಕ್ಷ’ ಒಂದೇ ಒಂದು ಅಕ್ಷರ. ಇಲ್ಲಿ ನಿಮ್ಮ ಹೆಸರು ಕೂರಿಸಿದ್ರೆ ‘ಲುದ್ವಿಕಾ’ ಒಂದೇ ಒಂದು ಅಕ್ಷರ ಅಂತ ಆಗತ್ತೆ. ಆಗತ್ತಾ?”

“ಇಲ್ಲ, ಅದು ಬೇರೆ ವಿಷಯ,” ಎಂದು ನಗುತ್ತ ಪೆನ್ಸಿಲು ತೆಗೆದಳು. ಮೇಜು ತಟ್ಟಿದಳು. ‘ಕ್ಷ’ ಅಂದಳು. ತಟ್ಟಿದಳು. ಮತ್ತೆ ತಟ್ಟಿದಳು. ‘ಯ’ ಅಂದಳು. ಮುಚ್ಚುವ ತಟ್ಟು ಬರಲಿಲ್ಲ. ಕೈ ಗಾಳಿಯಲ್ಲೇ ನಿಂತಿತ್ತು.

ಮುಖದ ಬಣ್ಣ ಇಳಿಯುವುದು ಎಂದು ಕಾದಂಬರಿಗಳಲ್ಲಿ ನೂರಾರು ಸಲ ಜೋಡಿಸಿದ್ದೇನೆ. ಆ ಮಾತು ಯಾವ ವಸ್ತುವನ್ನು ಹೆಸರಿಸುತ್ತದೆಂದು ಅವತ್ತು ಕಂಡೆ. ಅವಳು ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು. ಹದಿನಾಲ್ಕನೆಯ ಗ್ಯಾಲಿಯ ಪ್ರೂಫನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು, ಮತ್ತೆ ಓದಿದಳು. ಫೆಲಿಕ್ಸ್ ಚಹಾ ತಂದು ಪಕ್ಕದಲ್ಲಿಟ್ಟ. ಅದು ಆರಿ ತಣ್ಣಗಾಯಿತು.

“ಚಿಹ್ನೆಯೊಳಗೆ ಕ್ಷ ಕುರ್ಚಿ ಅಲ್ಲ. ತಪ್ಪು ಎರಡನೇ ಸಾಲಲ್ಲೇ ಇದೆ,” ಅಂದಳು ಕೊನೆಗೆ. “ಚಿಹ್ನೆ ಇಲ್ಲದೆ ಓದಿದ್ರೆ ಕಾಣಲ್ಲ. ಇಪ್ಪತ್ತಮೂರು ವರ್ಷದಿಂದ ಎಲ್ಲರೂ ಚಿಹ್ನೆ ಇಲ್ಲದೇ ಓದಿದ್ದಾರೆ. ಚಿಹ್ನೆ ಹಾಕಿದವಳು ನಾನು. ಹಾಕಿದೆ, ನೋಡ್ಲಿಲ್ಲ.”

“ಸರಿಮಾಡೋಕಾಗಲ್ವಾ?”

“ಪ್ರಮೇಯಾನೇ ಇಲ್ಲ, ಪಾನ್ ಕ್ಲೆಮೆನ್ಸ್. ನಾನು ಕಟ್ಟಿದ್ದು ಇದರ ಮೇಲೆ.”

ನನಗೆ ನನ್ನ ಮೇಲೇ ಕೆಟ್ಟ ಕೋಪ ಬಂತು. ಬರೆದದ್ದನ್ನು ಬರೆದ ಹಾಗೆ ಜೋಡಿಸಿದ್ದರೆ ಈ ಹುಡುಗಿ ಇನ್ನು ಎರಡು ವಾರದಲ್ಲಿ ಡಾಕ್ಟರ್ ಆಗುತ್ತಿದ್ದಳು. ಯಾವ ಘನಕಾರ್ಯಕ್ಕೆ ಈ ಬೆರಳಿಗೆ ಬುದ್ಧಿ ಬಂತೋ!

ಅವಳು ತಲೆ ಎತ್ತದೆ, “ಹಸ್ತಪ್ರತೀಲಿ ಇರೋ ಹಾಗೇ ವಾಪಸ್ ಹಾಕಿ,” ಅಂದಳು.

ನಾನು ಚಿಮಟ ತೆಗೆದುಕೊಂಡೆ. ಗ್ಯಾಲಿಯಿಂದ ‘ಕ್ಷ’ ಎತ್ತಿ ‘ಯ’ ಕೂರಿಸುವುದು ಒಂದು ಕ್ಷಣದ ಕೆಲಸ. ಕೂರಿಸಿದೆ. ಕೊಟೇಶನ್ ಒಳಗಿನದನ್ನು ತಪ್ಪೆಂದು ತಿಳಿದೂ ಮುಟ್ಟಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಅವಳು ನೋಡುತ್ತಿದ್ದಳು. ಆಮೇಲೆ, “ಕಟ್ಟಿ ಇಟ್ಟಿರಿ, ಅಚ್ಚಿಗೆ ಬಿಡಬೇಡಿ. ಗುರುವಾರ ಗೋಷ್ಠಿಗೆ ಪ್ರೂಫು ತಗೊಂಡು ನೀವೂ ಬನ್ನಿ,” ಎಂದು ಹೇಳಿ ಹೋದಳು. ಸೌತೆಕಾಯಿ ಅಲ್ಲೇ ಬಿಟ್ಟಿದ್ದಳು. ನಾನು ಗ್ಯಾಲಿಗೆ ದಾರ ಸುತ್ತಿ, ಸುಣ್ಣದ ಕಡ್ಡಿಯಲ್ಲಿ ‘ತಡೆ’ ಎಂದು ಬರೆದಿಟ್ಟೆ.

ಮೂರು ದಿನ ಆ ಗ್ಯಾಲಿ ಪುಟ ಕಟ್ಟುವ ಕಲ್ಲಿನ ಮೇಲೆ ಕೂತು ನನ್ನನ್ನು ನೋಡುತ್ತಿತ್ತು. “ಹೇಳಲ್ಲ ಬಿಡು ಅವಳು,” ಅಂದ ಫೆಲಿಕ್ಸ್. “ನಾನಾದ್ರೂ ಹೇಳ್ತಿರಲಿಲ್ಲ. ಯಾರಿಗೆ ಬೇಕು?” ಅವಳು ಹೇಳಲಿ ಎಂದೂ ನಾನು ಬಯಸಲಿಲ್ಲ, ಹೇಳದಿರಲಿ ಎಂದೂ ಬಯಸಲಿಲ್ಲ.

ಗುರುವಾರ ಮಧ್ಯಾಹ್ನ ಕೋಣೆ ತುಂಬಿತ್ತು. ಪ್ರೊಫೆಸರ್ ಆ ಬೇಸಿಗೆ ನಿವೃತ್ತರಾಗುವವರಿದ್ದರು. ಅವರ ಲೇಖನಗಳ ಸಂಪುಟವೂ ನಮ್ಮಲ್ಲೇ ಪುಟಕಟ್ಟಿ ನಿಂತಿತ್ತು. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ ಟೋಪಿ ತೊಡೆಯ ಮೇಲಿಟ್ಟು ಕೂತೆ. ಲುದ್ವಿಕಾ ಎದ್ದು ತನ್ನ ಪ್ರಬಂಧದ ಆ ಭಾಗ ಓದತೊಡಗಿದಳು. ದನಿ ಸ್ಪಷ್ಟವಾಗಿತ್ತು. ಎಲ್ಲಿ ತಟ್ಟಬೇಕೋ ಅಲ್ಲಿ ತಟ್ಟಿದಳು, ಒಂದೂ ತಪ್ಪಲಿಲ್ಲ. ಮೊದಲ ಸಾಲು: ತಟ್ಟು, ‘ಕ್ಷ’, ತಟ್ಟು. ಎರಡನೆಯ ಸಾಲು: ತಟ್ಟು, ‘ಯ’, ತಟ್ಟು. ಓದುತ್ತ ಮುಂದೆ ಹೋದಳು.

ಹನ್ನೊಂದು ಜನ ತಲೆಯಾಡಿಸಿದರು. ಪ್ರೊಫೆಸರ್ ಕಣ್ಣು ಮುಚ್ಚಿ, ಹಳೆಯ ಹಾಡು ಕೇಳುವವರಂತೆ ಮುಗುಳ್ನಗುತ್ತಿದ್ದರು.

ಅವಳು ನಿಲ್ಲಿಸಿದಳು. ಮತ್ತೆ ಆ ಎರಡು ಸಾಲಿಗೆ ಬಂದು, ಇನ್ನೂ ನಿಧಾನವಾಗಿ, ಇನ್ನೂ ಜೋರಾಗಿ ತಟ್ಟಿ ಓದಿದಳು. ಈಗ ಬಾಯಿಮುಚ್ಚಿ ಕೂತರೆ ಎಲ್ಲವೂ ಅವಳದೇ, ಪದವಿ, ಹುದ್ದೆ, ವಾರ್ಸಾ. ಕೂರಮ್ಮಾ ಕೂರು ಎಂದು ನನ್ನ ಮನಸ್ಸು ಕೂಗಿಕೊಂಡಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಕೂಗಿಕೊಂಡಿತು.

“ಪಾನ್ ಪ್ರೊಫೆಸರ್,” ಅಂದಳು, “ನೀವು ನನ್ನನ್ನ ತಡೀಬೇಕಿತ್ತು.”

“ಯಾಕಮ್ಮಾ? ಚೆನ್ನಾಗೇ ತಟ್ಟಿದೆ.”

“ತಟ್ಟಿದೆ. ತಟ್ಟಿದ್ದರ ಒಳಗೆ ಕೈ ಹಾಕಿ ಅಕ್ಷರ ಬದಲಾಯಿಸಿದೆ. ಯಾರೂ ನೋಡ್ಲಿಲ್ಲ.”

ಅವರು ಕಣ್ಣು ತೆರೆದರು. ಮೊದಲು ನಗು ಹಾಗೇ ಇತ್ತು, ಯಾರೋ ತೆಗೆದಿಡಲು ಮರೆತ ವಸ್ತುವಿನಂತೆ. ಎದ್ದು ಹಲಗೆಯ ಬಳಿ ಹೋಗಿ ಎರಡು ಸಾಲನ್ನೂ ಬರೆದರು. ಉದ್ಧರಣ ಚಿಹ್ನೆಗಳನ್ನು ಒಂದೊಂದಾಗಿ, ದೊಡ್ಡದಾಗಿ ಹಾಕಿದರು. ಬೆನ್ನು ನಮ್ಮ ಕಡೆಗಿತ್ತು. ಸುಣ್ಣದ ಕಡ್ಡಿ ‘ಯ’ದ ಮೇಲೆ ನಿಂತುಬಿಟ್ಟಿತು.

“ಯಾರು ಕಂಡುಹಿಡಿದದ್ದು?” ಎಂದು ತಿರುಗದೆಯೇ ಕೇಳಿದರು.

“ಪಾನ್ ಕ್ಲೆಮೆನ್ಸ್.”

ಹನ್ನೊಂದು ತಲೆ ಬಾಗಿಲ ಕಡೆ ತಿರುಗಿತು. ನಾನು ಎದ್ದು ನಿಂತೆ, ಟೋಪಿ ಕೆಳಗೆ ಬಿತ್ತು.

“ಕಂಡುಹಿಡೀಲಿಲ್ಲ ಪಾನ್ ಪ್ರೊಫೆಸರ್, ನಕಲು ತಪ್ಪು ಅಂದ್ಕೊಂಡು ತಿದ್ದಿದೆ. ಕೊಟೇಶನ್ ಒಳಗಿರೋದನ್ನ ನಮ್ಮೋರು ಮುಟ್ಟಲ್ಲ.”

ಪ್ರೊಫೆಸರ್ ತಿರುಗಿದರು. ಬೈಯುತ್ತಾರೆಂದುಕೊಂಡೆ. ಜೇಬಿನಿಂದ ಆ ಎರಡು ಮೊಳೆ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದರು.

“ಇದನ್ನ ತಗೊಳ್ಳೋಕೆ ಎಷ್ಟೋ ವರ್ಷ ಮುಂಚೆ ಬರೆದದ್ದು ಅದು,” ಅಂದರು. “ಆಮೇಲೆ ಸಿಕ್ಕಸಿಕ್ಕವರ ಬಾಗಿಲು ತಟ್ಟಿದೆ. ನನ್ನ ಬಾಗಿಲೊಂದು ಬಿಟ್ಟು.” ಲುದ್ವಿಕಾ ಕಡೆ ನೋಡಿದರು. “ನಿನ್ನ ಪ್ರಬಂಧ ಹೋಯ್ತಲ್ಲಮ್ಮಾ.”

“ಗೊತ್ತು,” ಅಂದಳು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಆ ಒಂದು ಪದಕ್ಕೆ ಒಡೆಯಿತು.

ಹೋಯಿತು. ಹುದ್ದೆ ಇನ್ನೊಬ್ಬನಿಗೆ ಸಿಕ್ಕಿತು, ಅವನ ತಪ್ಪೇನೂ ಇಲ್ಲ. ಲುದ್ವಿಕಾ ರಾದೊಮ್‌ಗೆ ಹೋದಳು. ಅಲ್ಲಿಯವರೆಗೆ ಜೋಡಿಸಿದ್ದ ಅವಳ ಹದಿನಾಲ್ಕೂ ಗ್ಯಾಲಿಗಳನ್ನು ಬಿಚ್ಚಿ ಮೊಳೆಗಳನ್ನು ಕೇಸಿಗೆ ಹಿಂದಿರುಗಿಸುವ ಕೆಲಸ ನನ್ನದೇ. ಫೆಲಿಕ್ಸ್ ಸಹಾಯಕ್ಕೆ ಬಂದ, ಬೇಡ ಎಂದೆ. ಪ್ರತಿ ಸಾಲನ್ನೂ ನಾನೇ ಬಿಚ್ಚಿದೆ.

ಆಗಸ್ಟ್‌ನಲ್ಲಿ ಪ್ರೊಫೆಸರ್ ಅಚ್ಚುಮನೆಗೆ ಬಂದರು. ತಮ್ಮ ಸಂಪುಟದ ಪುಟಗಳ ಪ್ರೂಫು ಅವರ ಕೈಯಲ್ಲಿತ್ತು. ನಲವತ್ತು ಕಡೆ ಕೆಂಪು ಗುರುತು ಮಾಡಿದ್ದರು. ಎಲ್ಲೆಲ್ಲಿ ಗೋರ್ನಿ ಪ್ರಮೇಯ ಎಂದಿತ್ತೋ ಅಲ್ಲೆಲ್ಲ ಅದರ ಸುತ್ತ ಉದ್ಧರಣ ಚಿಹ್ನೆ.

“ತೆಗೆದೇ ಹಾಕಬಹುದಲ್ವಾ, ಪಾನ್ ಪ್ರೊಫೆಸರ್?”

“ಹೆಸರು ಇದೆಯಲ್ಲ, ಪಾನ್ ಕ್ಲೆಮೆನ್ಸ್. ಇಪ್ಪತ್ತಮೂರು ವರ್ಷ ಜನ ಬಳಸಿದ ಹೆಸರು, ಇಲ್ಲ ಅನ್ನೋದು ಸುಳ್ಳಾಗತ್ತೆ. ಇಲ್ದೇ ಇರೋದು ವಸ್ತು. ಹೆಸರನ್ನ ಒಳಗೆ ಕೂರಿಸಿಬಿಡಿ, ಇದು ಬರೀ ಹೆಸರು ಅಂತ ಓದೋರಿಗೆ ಗೊತ್ತಾಗ್ಲಿ.”

ಆಮೇಲೆ ಮುನ್ನುಡಿಗೆಂದು ಒಂದು ಹೊಸ ವಾಕ್ಯ ಕೊಟ್ಟರು: ‘ಗೋರ್ನಿ ಪ್ರಮೇಯ’ ಎಂಬ ಹೆಸರಿಗೆ ಯಾವ ಪ್ರಮೇಯವೂ ಇಲ್ಲವೆಂಬುದನ್ನು ತೋರಿಸಿದವರು ಲುದ್ವಿಕಾ ರೆಷ್ಕೆ. ಚಿಹ್ನೆ ಬೇಕಾದ ನಲವತ್ತೊಂದನೆಯ ಕಡೆ ಅದು.

“ಇದರ ಮೇಲೆ ಅವಳು ಹೊಸದಾಗಿ ಬರೀತಿದ್ದಾಳೆ,” ಅಂದರು. “ಚಿಕ್ಕದು, ಇಪ್ಪತ್ತು ಪುಟ ಆಗಬಹುದು. ಮುಂದಿನ ವರ್ಷ ನಿಮ್ಮ ಕೈಗೇ ಬರತ್ತೆ. ನಾನು ಕುರ್ಚೀಲಿ ಇರಲ್ಲ, ಕೇಳೋಕೆ ಬರ್ತೀನಿ.”

ನಾನು ಕೇಸು ನೋಡಿದೆ. ಉಳಿದ ಕೊಟೇಶನ್‌ಗಳೆಲ್ಲ ಬೇರೆ ಪುಟಗಳಲ್ಲಿ ಕಟ್ಟಿಬಿದ್ದಿದ್ದವು. ಇದ್ದದ್ದು ಲುದ್ವಿಕಾಳ ಪ್ರಬಂಧದಿಂದ ಬಿಚ್ಚಿದ್ದರಲ್ಲಿ ಮಿಕ್ಕವು. ಎಣಿಸಿದರೆ ನಲವತ್ತು ಜೊತೆ. ಒಂದು ಜೊತೆಗೆ ಅಲ್ಪವಿರಾಮ ಬಳಸಲೇ ಎಂದು ಕೇಳುವ ಧೈರ್ಯ ಬರಲಿಲ್ಲ. ನಲವತ್ತು ಜೊತೆಯನ್ನೂ ಸಾಲಾಗಿಟ್ಟು, ಕೊನೆಯಲ್ಲಿ ಒಂದು ಜೊತೆಯ ಜಾಗ ಖಾಲಿ ಬಿಟ್ಟೆ.

ಅವರಿಗೆ ಅರ್ಥವಾಯಿತು. ವೇಸ್ಟ್‌ಕೋಟಿನ ಜೇಬಿಗೆ ಕೈಹಾಕಿ, ಆ ಎರಡು ಮೊಳೆ ತೆಗೆದು ನನ್ನ ಸ್ಟಿಕ್ಕಿನ ಅಂಚಿನಲ್ಲಿಟ್ಟರು.

“ಇವು ನಿಮ್ಮವೇ,” ಅಂದರು.

ಎಷ್ಟೋ ವರ್ಷ ಮೇಜು ತಟ್ಟಿ ತಟ್ಟಿ ಅವುಗಳ ಮುಖ ಚಪ್ಪಟೆಯಾಗಿತ್ತು. ಆದರೂ ಮುನ್ನುಡಿಯ ಆ ವಾಕ್ಯಕ್ಕೆ ಅವನ್ನೇ ಜೋಡಿಸಿದೆ. ಪ್ರೂಫು ತೆಗೆದಾಗ ನಲವತ್ತು ಜೊತೆ ಚೂಪಾಗಿ ಮೂಡಿದ್ದವು. ಕೊನೆಯ ಜೊತೆ ಮಾತ್ರ ಮಸುಕಾಗಿ, ಎರಡು ಸಣ್ಣ ಮಸಿಯ ಮಚ್ಚೆಗಳೋ ಎಂದು ಅನುಮಾನ ಬರುವ ಹಾಗೆ ಕಂಡಿತು. ಪ್ರೂಫು ತಿದ್ದುವವರು ಅದರ ಸುತ್ತ ವೃತ್ತ ಎಳೆದು, ‘ಸವೆದ ಮೊಳೆ, ಬದಲಾಯಿಸಿ’ ಎಂದು ಬರೆದು ಕಳಿಸಿದರು. ನಾನು ಅವರ ಮಾತನ್ನು ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ‘ಹಾಗೇ ಇರಲಿ’ ಎಂದು ಬರೆದೆ.